ಭಾವನಿಗೆ, ದೇರಾದಿಂದ

ಬರುವಾಗ ಒಂದು ಶಾಲು ತನ್ನಿ, ಭಾವ.
ನಗಬೇಡಿ. ಇಲ್ಲಿ ಚಳಿಯಿರುವುದು ಮಾಲಿನೊಳಗೆ,
ಹೊರಗೆ ಕಾಲಿಟ್ಟರೆ ಕನ್ನಡಕವೂ ಬೆವರುತ್ತದೆ.

ಮೆಟ್ರೋದಲ್ಲಿ ಬಾಯಿ ಆಡಿಸುವಂತಿಲ್ಲ,
ಶೇಂಗಾ ಜೇಬಲ್ಲೇ ಇರಲಿ; ದಂಡ ನೂರು ದಿರ್ಹಮ್.
ನೆಲದ ಗುಲಾಬಿ ಗೆರೆಯಾಚೆ ಹೆಂಗಸರ ಡಬ್ಬಿ,
ಅಕ್ಕ ಹೋಗಬಹುದು, ನೀವಲ್ಲ.

ಎತ್ತರದ ಕಟ್ಟಡ ಹತ್ತಲು ದುಡ್ಡು ಸುರಿಯಬೇಡಿ.
ಒಂದು ದಿರ್ಹಮಿಗೆ ಅಬ್ರಾ ದೋಣಿ
ಖಾಡಿ ದಾಟಿಸುತ್ತದೆ: ಡೀಸೆಲ್ ವಾಸನೆ, ಕಡಲಹಕ್ಕಿ,
ಗಂಗೊಳ್ಳಿಯ ಹಳೇ ಕಡವು ನೆನಪಾದೀತು.
ಚಿಲ್ಲರೆ ಕೈಯಲ್ಲೇ ಹಿಡಿದಿರಿ.

ಪ್ರತಿ ಚಹಕ್ಕೂ ಇಪ್ಪತ್ತಮೂರರಿಂದ ಗುಣಿಸುತ್ತ ಕೂತರೆ
ಚಹ ಆರಿಹೋಗುತ್ತದೆ.
ನಾನು ಗುಣಿಸುತ್ತೇನೆ. ಅದು ಬೇರೆ.

ಕೇಳದೆ ಯಾರ ಫೋಟೋವೂ ಬೇಡ.

ಚಿನ್ನದ ಬಜಾರಿಗೆ ಸಂಜೆ ಬನ್ನಿ, ದೀಪ ಹತ್ತಿದ ಮೇಲೆ.
ಕೊಳ್ಳದಿದ್ದರೂ ಸರಿ, ಕಣ್ಣಿಗೆ ಸುಂಕವಿಲ್ಲ.
ಗಾಜಿಗೆ ಮಾತ್ರ ಬೆರಳು ತಾಗಿಸಬೇಡಿ,
ಮಕ್ಕಳಿಗೂ ಹೇಳಿ.
ಎಡಗಡೆ ಮೂರನೆಯ ಅಂಗಡಿ.
ಒರೆಸುವ ಬಟ್ಟೆ ಹಿಡಿದವನು ಕಂಡರೆ
ಅಕ್ಕನೆದುರು ಹೆಸರು ಹಿಡಿದು ಕೂಗಬೇಡಿ;
ಒಂಬತ್ತೂವರೆಗೆ ನಾನೇ ಹೊರಬರುತ್ತೇನೆ,
ಅಂಗಿ ಬದಲಿಸಿ.