ಕಪ್ಪಿನ ದೂರು

ದೂರಿನ ಚೀಟಿಯಲ್ಲಿ ಇದ್ದದ್ದು ಇಷ್ಟೇ:
"ಕಪ್ಪು ಕಪ್ಪಾಗಿಲ್ಲ."
ನೆಟ್ ಇಲ್ಲ, ರಿಮೋಟ್ ಸತ್ತಿದೆ, ತುಟಿಯ ಹಿಂದೆ ಮಾತು ಬೀಳುತ್ತಿದೆ,
ಇಂಥವು ದಿನಕ್ಕೆ ಹತ್ತು.
ಹನ್ನೊಂದು ವರ್ಷದಲ್ಲಿ ಇದು ಮೊದಲು.

ವೂಚ್ ನಗರದ ಕೆಂಪಿಟ್ಟಿಗೆ ಗಿರಣಿಗಳ ಹಿಂದೆ
ನಾಲ್ಕನೇ ಮಹಡಿ, ಲಿಫ್ಟ್ ಇಲ್ಲ.
ನವೆಂಬರು, ನಾಲ್ಕಕ್ಕೇ ಬೀದಿದೀಪ ಹತ್ತಿತ್ತು.
ಬಾಗಿಲು ತೆರೆದವರು ಬೊಗುಮಿಲಾ, ಎಂಬತ್ತೊಂದು,
ಬೂಟು ಕಳಚಿಸಿ ಮನೆಯ ಚಪ್ಪಲಿ ಕೊಟ್ಟರು,
ಎರಡೂ ಎಡಗಾಲಿನವು.

"ಮಗ ಅನ್ನುತ್ತಾನೆ, ಕಣ್ಣಿಗೆ ಪೊರೆ ಬಂದಿದೆ.
ಡಾಕ್ಟರೂ ಅದನ್ನೇ ಅನ್ನುತ್ತಾರೆ.
ಇರಬಹುದು. ನೀನು ಹೇಳು, ಇದು ರಾತ್ರಿಯೇ?"
ಪರದೆಯ ಮೇಲೆ ಯಾವುದೋ ಕೋಟೆ, ಯಾರೋ ಸವಾರ,
ಅವನ ಸುತ್ತ ರಾತ್ರಿಯ ಬದಲು
ಹತ್ತು ಸಲ ಒಗೆದ ಕರಿ ಲಂಗದ ಬಣ್ಣ.

ಕೆಲಸಕ್ಕೆ ಕೂತೆ.
ಡಬ್ಬಿ ಹೊಸದು, ಕೊಳಗದಲ್ಲಿ ಸುರಿಯುತ್ತಿದೆ;
ಟಿವಿಯ ಮೂರನೇ ಕಿಂಡಿ ಹಳೇ ಲೆಕ್ಕ ಬಿಡದೆ
ಪಾವಿನಲ್ಲಿ ಅಳೆಯುತ್ತಿದೆ.
ಸೆಟ್ಟಿಂಗಿನ ಒಳಗಿನ ಸೆಟ್ಟಿಂಗಿನ ಒಳಗೆ
ಯಾರೂ ಮುಟ್ಟದ ಒಂದು ಆಯ್ಕೆ. ಒತ್ತಿದೆ.
ಪರದೆ ಪೂರ್ತಿ ಆರಿಹೋಯಿತು.
"ಈಗ ಕಪ್ಪಾಗಿದೆ," ಅಂದರು.
ನಗಲಿಲ್ಲ. ನಾನೂ ನಗಲಿಲ್ಲ.

ಕೇಬಲ್ಲಿಗೆ ಅಷ್ಟು ಹೊರುವ ತ್ರಾಣ ಇರಲಿಲ್ಲ.
ಚೀಲದಿಂದ ಬೇರೆಯದು ತೆಗೆದು ಸಿಕ್ಕಿಸಿದೆ,
ಮೊದಲು ಸಾಸಿವೆ ಚೆಲ್ಲಿದಂತೆ ಬಿಳಿ ಚುಕ್ಕಿ,
ಇನ್ನೊಮ್ಮೆ ಅದುಮಿದೆ, ಕೋಟೆ ಬಂತು,
ಸವಾರನ ಕೆಂಪು ನಿಲುವಂಗಿ ಬಂತು,
ಆದರೆ ಬಾವಿಯ ತಳದಲ್ಲಿ ಬಿದ್ದ ಹಾಗೆ.
ಬೆಳಕನ್ನು ನೂರಕ್ಕೆ ಎಳೆದೆ.
ಎರಡು ನಿಮಿಷ. ಚಿತ್ರ ತಾನೇ ಮತ್ತೆ ಮಂಕಾಯಿತು.

ನಾನು ಬೆವರುತ್ತಿದ್ದಾಗ ಆಕೆ ಒಳಗಿಂದ
ಬಿಸ್ಕತ್ತಿನ ಡಬ್ಬ ತಂದರು.
ಅದರಲ್ಲಿ ಗೇಣುದ್ದದ ಫಿಲ್ಮಿನ ತುಂಡು.
ಮೂವತ್ತೆರಡು ವರ್ಷ ಲ್ಯಾಬಿನ ಕತ್ತಲಲ್ಲಿ ಕೂತು
ಯಾರ್‍ಯಾರದೋ ಸಿನಿಮಾಕ್ಕೆ ಬಣ್ಣ ತೂಗಿದವರು,
ಕೆಂಪು ಒಂದು ಗುಂಜಿ ಹೆಚ್ಚು, ಹಸಿರು ಅರೆಗುಂಜಿ ಕಡಿಮೆ,
ಗಂಡ ಸತ್ತ ವಾರವೂ.
ತುಂಡಿನಲ್ಲಿ ಒಬ್ಬ ಹುಡುಗಿ, ಪಕ್ಕಕ್ಕೆ ಬೂದು ಪಟ್ಟಿ.
ರೀಲಿನ ಮೊದಲಿಗೆ ಈ ಮುಖ ಅಂಟಿಸುತ್ತಿದ್ದರಂತೆ,
ಇವಳ ಕೆನ್ನೆ ಸರಿ ಬಂದರೆ ಮಿಕ್ಕಿದ್ದೆಲ್ಲ ಸರಿ.
ಟಿಕೆಟ್ ಕೊಂಡವರು ಯಾರೂ ಅವಳನ್ನು ಕಂಡಿಲ್ಲ.
"ಯಾರಿದು?"
"ಅವತ್ತು ಕೈ ಖಾಲಿ ಇದ್ದವಳು."
ಮೂಗು ನೋಡಿದ ಮೇಲೆ ಗುರುತು ಹತ್ತಿತು ನನಗೆ.

ತುಂಡನ್ನು ದೀಪಕ್ಕೆ ಹಿಡಿದರು, ಒಂದು ಕಣ್ಣು ಮುಚ್ಚಿ,
ಆಮೇಲೆ ಟಿವಿ, ಮತ್ತೆ ತುಂಡು.
"ನನ್ನ ಕಣ್ಣಿನ ಹಳದಿ ಎರಡಕ್ಕೂ ಒಂದೇ.
ಅದನ್ನು ಕಳೆದ ಮೇಲೂ ಇಲ್ಲಿ ಏನೋ ಉಳಿಯುತ್ತದೆ.
ಉಳಿದದ್ದು ನಿನ್ನ ಯಂತ್ರದ್ದು."

ಆಗ ಕಂಡಿತು,
ಟಿವಿಯ ಕೆಳ ಅಂಚಿನಲ್ಲಿ ಕಡಲೆಯಷ್ಟು ಕಣ್ಣು,
ಕೋಣೆಯ ಬೆಳಕು ನೋಡಿ ಚಿತ್ರದ ಬೆಳಕು ಇಳಿಸುವ ಕಣ್ಣು.
ಅದರ ಮುಂದೆ ಒಂದು ಪಿಂಗಾಣಿ ಬಾತು,
ಬಾತಿನ ಅಡಿಯಿಂದ ಗಂಜಿ ಕುಡಿದು ಸೆಟೆದು ನಿಂತ
ಕ್ರೋಶೆ ಹೆಣಿಗೆಯ ಬಿಳಿ ಅಂಚು.
ಪೊರೆ ಬಂದದ್ದು ಟಿವಿಗೆ.

ಬಾತು ಕಿಟಕಿಗೆ ಹೋಯಿತು.
ಕೋಟೆಯೊಳಗೆ ಯಾರೋ ಮೇಣದಬತ್ತಿ ಹಚ್ಚಿದರು,
ಗೋಡೆಯ ಗಡಿಯಾರ, ನನ್ನ ಕೈ, ಎಲ್ಲ ಬೆಳಗಿತು.
ಅಂಗೈಯಗಲಕ್ಕೆ ಸಾವಿರ ಬತ್ತಿಯ ಲೆಕ್ಕ, ಅಂದೆ
ಹೆಮ್ಮೆಯಿಂದ, ನಾನೇ ಮಾಡಿದ ಹಾಗೆ.
"ಒಂದು ಬತ್ತಿಗೆ ಇಷ್ಟು ಜಂಬ ಯಾಕೆ? ಇಳಿಸು."
ಎರಡು ಮೆಟ್ಟಿಲು ಇಳಿಸಿದೆ.
"ಈಗ ಕಪ್ಪು?"
"ಹತ್ತಿರ ಬಂದಿದೆ."

ಕಾರಣ ಬರೆಯುವ ಕಾಲಮ್ಮಿನಲ್ಲಿ ಕೇಬಲ್ ಇತ್ತು, ಡಬ್ಬಿ ಇತ್ತು,
ಗ್ರಾಹಕ ಇತ್ತು, ಬಾತು ಇರಲಿಲ್ಲ.
ಕೇಬಲ್ಲಿಗೆ ಗುರುತು ಹಾಕಿದೆ.

ಎರಡನೇ ಮಹಡಿಗೆ ಬರುವಷ್ಟರಲ್ಲಿ
ಮೆಟ್ಟಿಲ ದೀಪದ ಹೊತ್ತು ಮುಗಿದು ಆರಿತು.
ಗುಂಡಿಗೆ ತಡಕಲಿಲ್ಲ, ಸುಮ್ಮನೆ ನಿಂತೆ,
ಕಣ್ಣು ಬಿಟ್ಟು ನೋಡಿದೆ:
ಇದರಲ್ಲೂ ಒಂದು ಗುಂಜಿ ಕಂದು ಹೆಚ್ಚು.