ಬಣ್ಣ ಬಳಿಯಬಾರದ ತುಂಡು

ಟಾಲ್ಸ್‌ಬರಿಯಲ್ಲಿ ನೀರು ದಿನಕ್ಕೆರಡು ಸಲ ಎದ್ದು ಹೋಗುತ್ತದೆ,
ಊಟದ ನಡುವೆ ಫೋನು ಬಂದವರ ಹಾಗೆ.
ಉಳಿಯುವುದು ಕೆಸರು, ಕೆಸರಿನ ಹೊಳಪು,
ಕಂಬಕ್ಕೆ ಒರಗಿ ನಿಂತ ನನ್ನ ದೋಣಿ,
ನಾಲ್ಕು ಗಂಟೆಯ ಬಿಡುವು.

ಮಂಡಿಯವರೆಗಿನ ಬೂಟಿನಲ್ಲಿ ಇಳಿದೆ.
ಶಾಫ್ಟಿನ ಮೇಲೆ ಸತುವಿನ ಗುಂಡು:
ಹೋದ ಏಪ್ರಿಲ್‌ನಲ್ಲಿ ಹಾಕಿದ್ದು, ಹಾಕಿದ ಹಾಗೇ ಇದೆ.
"ನೋಡು, ಹೊಸದರಂತಿದೆ," ಎಂದೆ,
ಒಂದೂ ಹುಳುಕಿಲ್ಲವೆಂದು ಬೀಗುವ ಮಗುವಿನ ಧಾಟಿಯಲ್ಲಿ.

ವಿನಿಫ್ರೆಡ್ ಪೆಟ್ಟಿಕನ್ ಉತ್ತರ ಕೊಡಲಿಲ್ಲ.
ಅರವತ್ತೆಂಟು ವಯಸ್ಸು, ಕಿವಿಯ ಹಿಂದೊಂದು ಪೆನ್ಸಿಲು.
ಸುತ್ತಿಗೆಯಿಂದ ಪ್ರೊಪೆಲರಿನ ರೆಕ್ಕೆಗೆ ಮೆಲ್ಲನೆ ಬಡಿದಳು.
ಟಣ್ ಎನ್ನಬೇಕಾದದ್ದು
ಟಪ್ ಎಂದಿತು.
ಸಂತೆಯಲ್ಲಿ ಮಡಕೆಗೆ ಕಿವಿಗೊಟ್ಟು
ನನ್ನಜ್ಜಿ ಬೇಡವೆಂದು ಕೆಳಗಿಡುತ್ತಿದ್ದ ಸದ್ದು.

ಉಗುರಿನಿಂದ ಕೆರೆದಳು. ಹಳದಿಯ ಕೆಳಗೆ ಗುಲಾಬಿ,
ಸೋತ ಒಸಡಿನ ಗುಲಾಬಿ.
"ಸತುವಿಗೆ ಏನು ಮಾಡಿದೆ?"
"ಬಣ್ಣ ಬಳಿದೆ. ದೋಣಿಯ ತಳಕ್ಕೆ ತಂದದ್ದು ಮಿಕ್ಕಿತ್ತು.
ಬರಿಮೈಯಲ್ಲಿ ಬಿಡಲು ಮನಸ್ಸಾಗಲಿಲ್ಲ."
ಎರಡು ಸಲ, ಚಿಕ್ಕ ಕುಂಚದಲ್ಲಿ, ನೀಲಿ.
ಆಕೆ ನಗಲಿಲ್ಲ. ಕಷ್ಟವಾದದ್ದು ಅದೇ.

ಇಪ್ಪತ್ತಾರು ವರ್ಷ ಕೋಲ್‌ಚೆಸ್ಟರಿನಲ್ಲಿ ಹಲ್ಲು ನೋಡಿದವಳು ನಾನು.
ಬೆಳ್ಳಿ ತುಂಬಿದ ಹಲ್ಲಿನ ಪಕ್ಕ ಚಿನ್ನದ ಟೊಪ್ಪಿಗೆ ಕೂರಿಸಬೇಡಿ,
ಜೊಲ್ಲೂ ಒಂದು ಸಮುದ್ರವೇ ಎಂದು
ಕಿರಿಯ ಡಾಕ್ಟರುಗಳಿಗೆ ಹೇಳಿದವಳು.
ಚಾಕೊಲೇಟಿನ ಬೆಳ್ಳಿ ಕಾಗದ ಕಚ್ಚಿ ಜುಂ ಎಂದು ಬಂದವರನ್ನು
ನಿಮ್ಮ ಬಾಯೊಳಗೊಂದು ಬ್ಯಾಟರಿ ಇದೆ ಎಂದು ನಗಿಸಿದವಳು.
ಆ ಬುದ್ಧಿ ಬೂಟಿನವರೆಗೆ ಇಳಿಯಲಿಲ್ಲ.

ಎರಡು ಲೋಹ, ಒಂದಕ್ಕೊಂದು ತಾಗಿಕೊಂಡು, ಸುತ್ತ ಉಪ್ಪುನೀರು;
ಅಷ್ಟು ಸಾಕು. ಒಂದು ಕೊಡಲೇಬೇಕು.
ಉಪ್ಪು ತಿಂದವರು ನೀರು ಕುಡಿಯಬೇಕು ಎನ್ನುತ್ತಾರೆ ನಮ್ಮಲ್ಲಿ;
ಉಪ್ಪುನೀರೇ ತಿನ್ನಲು ಕೂತರೆ
ಯಾವ ಗಾದೆಯನ್ನು ಹುಡುಕಿಕೊಂಡು ಹೋಗುವುದು?
ಹೊರಗಿಟ್ಟ ಸತುವಿನ ಬಾಯಿಗೆ ನಾನು ಬಣ್ಣ ಮೆತ್ತಿದೆ.
ಸಮುದ್ರ ಒಳಗೆ ಬಂತು,
ಹಿತ್ತಾಳೆಯ ಹೊಟ್ಟೆಯಲ್ಲಿದ್ದ ಸತುವನ್ನು
ಕಲ್ಲು ಬಿಟ್ಟು ಅಕ್ಕಿ ಆರಿಸಿದ ಹಾಗೆ ಆರಿಸಿಕೊಂಡಿತು.
ಆಕಾರ ಮಾತ್ರ ಬಿಟ್ಟಿತು.

"ಕೆಟಲಾಗಿನಲ್ಲಿ ಇದಕ್ಕೆ ಬಲಿಯ ಲೋಹ ಎನ್ನುತ್ತಾರಲ್ಲ," ಎಂದೆ.
"ಕೆಟಲಾಗು ಬರೆಯುವವರು ಕೆಸರಲ್ಲಿ ನಿಲ್ಲುವುದಿಲ್ಲ.
ಇದು ಬಾಡಿಗೆ. ವರ್ಷಕ್ಕೊಮ್ಮೆ ಕಟ್ಟು. ಹದಿನೆಂಟು ಪೌಂಡು."

ಪ್ರೊಪೆಲರು ಬಿಚ್ಚಿ ಗೋಣಿಗೆ ಹಾಕಿದೆವು.
ಆಕೆಯ ಶೆಡ್ಡಿನಿಂದ ಹಳೆಯದೊಂದು ಬಂತು, ಬಡಿದರೆ ಟಣ್.
ಶಾಫ್ಟನ್ನು ಮರಳು ಕಾಗದದಲ್ಲಿ ನನ್ನಿಂದಲೇ ಉಜ್ಜಿಸಿದಳು,
ಲೋಹಕ್ಕೆ ಲೋಹ ತಾಗಬೇಕು, ನಡುವೆ ಗ್ರೀಸಿನ ನೆರಳೂ ಬೇಡ.
ಹೊಸ ಸತುವಿನ ಎರಡು ಹೋಳು, ಎರಡು ಬೋಲ್ಟು,
ತಿರುವಿ, ತಟ್ಟಿ, ಮತ್ತೆ ತಿರುವಿ.
ಮೀಟರಿನ ಮುಳ್ಳು ಸರಿದಾಗ ಆಕೆಯ ಹುಬ್ಬು ಇಳಿಯಿತು.

ತಳಕ್ಕೆ ನೀಲಿ ಬಳಿಯುವಾಗ
ಸತುವಿಗೆ ಹಳೆಯ ಕಾಲುಚೀಲ ತೊಡಿಸಿದೆ.
"ನೀರು ಬರುವ ಮುಂಚೆ ತೆಗಿ." ಮೂರು ಸಲ ಹೇಳಿದಳು.
ಎಲ್ಲೋ ಒಂದು ಕರ್ಲ್ಯೂ ಕೂಗಿತು, ಕಾಲುವೆಯ ಬಾಯಲ್ಲಿ
ಕೆಸರು ನೆಕ್ಕುವ ಮೊದಲ ನಾಲಿಗೆ.

ತೆಗೆದೆ. ಬರಿಮೈ, ಮಂಕು ಬೂದು.
ನೀರು ಮುಟ್ಟಿತು. ಯಾವ ಸದ್ದೂ ಇಲ್ಲ.
ಏನೋ ಶುರುವಾಯಿತು ಎಂದುಕೊಂಡು ನಿಂತೆ,
ಬೂಟಿನೊಳಗೆ ನೀರು ಬರುವವರೆಗೆ.

ಹೋದ ವರ್ಷದ್ದು ಕೋಟಿನ ಜೇಬಿನಲ್ಲಿ ಮನೆಗೆ ಬಂತು,
ನೀಲಿ, ನುಣುಪು, ಒಂದು ಗ್ರಾಮೂ ಸವೆಯದೆ.
ಕ್ಲಿನಿಕ್ಕಿನ ಮೇಜಿನ ಮೇಲಿಟ್ಟಿದ್ದೇನೆ, ಕಾಗದ ಹಾರದಂತೆ.
ಚಂದ ಇದೆಯಲ್ಲ ಎನ್ನುತ್ತಾರೆ ಎಲ್ಲರೂ,
ಬಾಯಿ ತೆರೆಯುವ ಮೊದಲು.