ಒಂದನೇ ಗುಂಡಿ

ಬೆಳಕು ಹಿಡಿಯುವುದು ನನ್ನ ಕೆಲಸ.
ಎಲ್ಲಿಗೆ ಹಿಡಿದರೂ ಅಲ್ಲಿಗಲ್ಲ.
"ಬೋಲ್ಟಿಗೆ ಹಿಡಿ, ನನ್ನ ಮೂಗಿಗಲ್ಲ,"
ಹಲ್ಲಿನ ನಡುವೆ ವಾಷರ್ ಕಚ್ಚಿಕೊಂಡೇ
ಬಯ್ಯುತ್ತಿದ್ದ ಓರೆಸ್ಟ್ ದೊಡ್ಡಪ್ಪ.

ಸಸ್ಕಾಚೆವಾನಿನ ಜನವರಿ. ಹೊರಗೆ ಮೈನಸ್ ಮೂವತ್ನಾಲ್ಕು.
ಶೆಡ್ಡಿನೊಳಗೆ, ಸೌದೆ ಒಲೆಯ ಪುಣ್ಯ, ಮೈನಸ್ ಎರಡು.
ಬರಿಗೈಯಲ್ಲಿ ಸ್ಪ್ಯಾನರ್ ಮುಟ್ಟಿದರೆ
ಬೆರಳಿನ ತೊಗಲು ಸ್ಪ್ಯಾನರಿನದೇ.

ಟ್ರಕ್ಕು ತೊಂಬತ್ತಮೂರರದು.
ಎಂಜಿನ್ನಿಗೆ ಏನೂ ಆಗಿರಲಿಲ್ಲ, ಕಲ್ಲು ಅರೆದು ಹುಯ್ದರೂ
ಡೀಸೆಲ್ ಎಂದುಕೊಂಡು ಕುಡಿಯುವ ಜಾತಿ.
ಮೈ ಮಾತ್ರ ಮೂವತ್ತು ಚಳಿಗಾಲ ರಸ್ತೆಯ ಉಪ್ಪು ತಿಂದದ್ದು.
ಉಪ್ಪು ತಿಂದ ಮೇಲೆ ನೀರು ಕುಡಿಯಲೇಬೇಕಲ್ಲ,
ಕುಡಿಯುತ್ತಿತ್ತು, ಬಾಗಿಲ ಅಡಿಯಿಂದ,
ನಮ್ಮ ಕಾಲುಚೀಲ ನೆನೆಯುವಷ್ಟು.

ಅದಕ್ಕೇ ಯಾರ್ಕ್‌ಟನ್ನಿನ ಹರಾಜಿನಿಂದ
ಇನ್ನೊಂದನ್ನು ಎಳೆದು ತಂದ. ಹನ್ನೆರಡು ವರ್ಷ ಕಿರಿಯದು.
ಯಾರೋ ರಸ್ತೆಬದಿಯ ಗುಂಡಿಗೆ ಉರುಳಿಸಿದ್ದು.
ಚಾಸಿ ಕುಡುಗೋಲಿನಂತೆ ಬಾಗಿತ್ತು,
ಬಾಗಿಲು, ಸೀಟು, ಡ್ಯಾಶ್‌ಬೋರ್ಡು ಮಾತ್ರ
ಮದುವೆಗೆ ಹೊರಟ ಹಾಗಿದ್ದವು.

ಹೊಸ ಬೀಗರು ಮನೆಗೆ ಬಂದ ಹಾಗೆ ಬಂದವು.
ನೋಡಲು ನಮ್ಮವರೇ, ಪಂಕ್ತಿಗೆ ಕೂರಿಸಿದರೆ
ಒಂದೂ ಕೂಡಿಬರುವುದಿಲ್ಲ.
ಬಾಗಿಲ ಕೀಲು ಒಂದು ಬೆರಳಗಲ ಮೇಲೆ.
ಸೀಟಿನ ನಾಲ್ಕು ತೂತಿನಲ್ಲಿ ಎರಡಕ್ಕೆ ನೆಲವೇ ಇಲ್ಲ.
ವೈರುಗಳಂತೂ, ಹಳೆಯದರಲ್ಲಿ ಹಸಿರು ಎಂದರೆ ಹಾರನ್,
ಹೊಸದರಲ್ಲಿ ಹಸಿರು ಎಂದರೆ ಏನೆಂದು
ಹಸಿರಿಗೂ ಗೊತ್ತಿರಲಿಲ್ಲ.

ಕತ್ತರಿಸಿದ, ಬೆಸೆದ, ಉಜ್ಜಿದ, ಉಕ್ರೇನಿಯನ್ನಿನಲ್ಲಿ ಬೈದ
(ಪ್ರಾರ್ಥನೆಗೂ ಬೈಗುಳಕ್ಕೂ ಮಾತ್ರ
ನಮ್ಮ ಮನೆಯಲ್ಲಿ ಉಳಿದ ಭಾಷೆ ಅದು).
ಪಕ್ಕದ ಫಾರ್ಮಿನ ವೆಂಡೆಲ್ ಕಾಫಿ ಹಿಡಿದು ಬಂದು ನಿಂತ.
"ಇಷ್ಟಕ್ಕೆ ಒಂದು ಹೊಸದೇ ಬರುತ್ತಿತ್ತಲ್ಲ."
ದೊಡ್ಡಪ್ಪ ವಾಷರ್ ಉಗುಳಿದ.
ಅದೇ ಉತ್ತರ.

ಎರಡನೇ ಭಾನುವಾರ ಬ್ಯಾಟರಿ ಸೇರಿಸಿದ.
ಡ್ಯಾಶ್‌ಬೋರ್ಡು ಕಣ್ಣು ಬಿಟ್ಟಿತು, ಬಿಟ್ಟದ್ದೇ ಗಾಬರಿಯಾಯಿತು.
ಏರ್‌ಬ್ಯಾಗ್ ಎಲ್ಲಿ, ಕಂಪ್ಯೂಟರ್ ಎಲ್ಲಿ,
ಹಿಂದಿನ ಚಕ್ರಗಳೇಕೆ ಸುದ್ದಿ ಕಳಿಸುತ್ತಿಲ್ಲ,
ಏಳು ಕೆಂಪು ದೀಪ ಹಚ್ಚಿಕೊಂಡು ಕೂತಿತು.
ದೊಡ್ಡಪ್ಪ ಕಪ್ಪು ಟೇಪಿನ ಏಳು ಚೂರು ಹರಿದು
ಒಂದೊಂದರ ಮೇಲೂ ಒತ್ತಿದ,
ದೃಷ್ಟಿಬೊಟ್ಟು ಇಡುವವನ ಹಾಗೆ.

ಅಂಕಿಗಳನ್ನು ಮುಚ್ಚಲಿಲ್ಲ.
ಎರಡು ಲಕ್ಷದ ಹನ್ನೊಂದು ಸಾವಿರದ ನಾನೂರ ಎಂಟು ಕಿಲೋಮೀಟರು,
ನಮ್ಮ ಟ್ರಕ್ಕು ಓಡಿರದ ದಾರಿ.
ಅದು ನಿಜವಾಗಿ ಓಡಿದ ಆರು ಲಕ್ಷ
ಕಸದ ಡ್ರಮ್ಮಿನಲ್ಲಿ ತಲೆಕೆಳಗಾಗಿ ಬಿದ್ದಿತ್ತು.
ಯಾರೂ ನೋಡದಾಗ ಎತ್ತಿ ನನ್ನ ಕೋಟಿನೊಳಗೆ ಇಟ್ಟುಕೊಂಡೆ.

ಬಾಗಿಲಿನ ಒಳಬದಿಯಲ್ಲಿ ಗುಂಡಿಗಳಿದ್ದವು, ಒಂದು, ಎರಡು.
"ಒತ್ತು ನೋಡೋಣ," ಎಂದ, ಒಳಗೆ ಕೂತು.
ಒಂದನೆಯದನ್ನು ಒತ್ತಿದೆ.
ಸೀಟು ಮೈಮುರಿಯಿತು. ಗೊಣಗುತ್ತ ಮುಂದೆ ಬಂತು,
ಇನ್ನೂ ಮುಂದೆ, ಮೇಲೆದ್ದಿತು,
ಬೆನ್ನು ನೆಟ್ಟಗೆ ಮಾಡಿಕೊಂಡು ನಿಂತಿತು.
ದೊಡ್ಡಪ್ಪನ ಮೊಣಕಾಲು ಸ್ಟಿಯರಿಂಗಿಗೆ ಸಿಕ್ಕಿಬಿದ್ದವು.

ಯಾರೋ ಕುಳ್ಳಗಿನವರು.
ರಸ್ತೆಯನ್ನು ಹತ್ತಿರದಿಂದ ನೋಡಬೇಕಿದ್ದವರು.
ಉರುಳಿದ ದಿನ ಇಲ್ಲಿ ಕೂತಿದ್ದವರು ಇವರೋ, ಎರಡನೆಯವರೋ,
ಹರಾಜಿನ ಚೀಟಿಯಲ್ಲಿ ಬರೆದಿರಲಿಲ್ಲ.

ಒಲೆಯಲ್ಲಿ ಸೌದೆ ಜಾರಿತು.
"ಒತ್ತಿ ಹಿಡಿದರೆ ಹಳೆಯದು ಅಳಿಯುತ್ತದಂತೆ," ಎಂದೆ.
"ಎರಡನೆಯದಕ್ಕೆ ನನ್ನದು ಹಾಕು," ಎಂದ,
ಹೊಟ್ಟೆ ಒಳಗೆಳೆದುಕೊಂಡು ಕೆಳಗಿಳಿಯುತ್ತ.

ಎಂಜಿನ್ನು ಮೊದಲ ಸುತ್ತಿಗೇ ಹತ್ತಿಕೊಂಡಿತು,
ತನಗೆ ಯಾರು ಯಾವ ಅಂಗಿ ತೊಡಿಸಿದ್ದಾರೆಂಬ ಪರಿವೆಯಿಲ್ಲದೆ.
ಹಿಮದ ರಸ್ತೆಯಲ್ಲಿ ಸ್ಪೀಡೋಮೀಟರಿನ ಮುಳ್ಳು
ಸೊನ್ನೆ ಬಿಟ್ಟು ಏಳಲಿಲ್ಲ.
"ಎಷ್ಟು ವೇಗ?" ಎಂದೆ.
"ಬೇಲಿಯ ಕಂಬ ಎಣಿಸು."

ನನಗೆ ಹದಿನಾಲ್ಕಾದ ಬೇಸಿಗೆ, ಗೋಧಿ ಹೊಲದ ನಡುವೆ,
ಕೀ ನನ್ನ ಕೈಗಿಟ್ಟ. ಕ್ಲಚ್ಚಿಗೆ ಕಾಲು ಎಟುಕಲಿಲ್ಲ.
ಒಂದನ್ನು ಒತ್ತಿದೆ.
ಸೀಟು ನನ್ನನ್ನು ಎತ್ತಿಕೊಂಡು ಹೋಗಿ
ಸರಿಯಾದ ಜಾಗದಲ್ಲಿ ಇಳಿಸಿತು.
ಕನ್ನಡಿ ಮಾತ್ರ ನಾನೇ ತಿರುಗಿಸಿಕೊಂಡೆ.